ಹೆಸರು ಹಿಡಿದು ಕರೆದರೆ

ಮಾಯೆ, ಮಂತ್ರ, ಮಾಟಗಳ ಕಾದಂಬರಿ ಎಂದರೆ ಅದು ಹರೆಯದ ಮಕ್ಕಳ ಪಾಲಿನದು ಎಂದು ಲೋಕ ತೀರ್ಮಾನಿಸಿಬಿಟ್ಟಿದೆ. ಹಾಲಿನ ಲೆಕ್ಕ, ಸಿಲಿಂಡರಿನ ಸರದಿ, ಬೀಗರ ಮನೆಯ ಮುಂಜಿವೆಗೆ ಏನು ಉಡುಗೊರೆ ಒಯ್ಯಬೇಕೆಂಬ ಚಿಂತೆ, ಇವುಗಳ ನಡುವೆ ದಿನ ಕಳೆಯುವ ಹೆಂಗಸಿಗೂ ಬೆಂಕಿ ಉಗುಳುವ ಡ್ರ್ಯಾಗನ್ನಿಗೂ ಏನು ಸಂಬಂಧ? ಆದರೆ ಹರೆಯದ ಮಗಳಿರುವ ಮನೆಯಲ್ಲಿ ಪುಸ್ತಕಗಳು ಅವಳ ಕೋಣೆಯಲ್ಲೇ ಉಳಿಯುವುದಿಲ್ಲ ನೋಡಿ. ಒಂದು ದಿಂಬಿನ ಕೆಳಗೆ, ಒಂದು ಟಿವಿಯ ಮೇಲೆ, ಒಂದು ಹಿಟ್ಟಿನ ಡಬ್ಬಿಯ ಪಕ್ಕದಲ್ಲಿ. ಹಾಗೆ ಹಿಟ್ಟಿನ ಡಬ್ಬಿಯ ಪಕ್ಕದಲ್ಲಿ ಸಿಕ್ಕ ಪುಸ್ತಕವೇ ಉರ್ಸುಲಾ ಲೆ ಗ್ವಿನ್ ಬರೆದ 'ಎ ವಿಝರ್ಡ್ ಆಫ್ ಅರ್ಥ್‌ಸೀ'.

ಆಗ ಮಗಳು ಪಿಯುಸಿ ಓದುತ್ತಿದ್ದಳು. ಮಧ್ಯಾಹ್ನ ಎಲ್ಲರ ಊಟ ಮುಗಿದು, ಅತ್ತೆಯವರು ಅಡ್ಡಾದ ಮೇಲೆ, ನಾನು ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ದಿನಕ್ಕೆ ನಾಲ್ಕೈದು ಪುಟ ಓದತೊಡಗಿದೆ. ಮಗಳಿಗೆ ನಗು. "ಅಮ್ಮಾ, ಇದು ನಮ್ಮ ವಯಸ್ಸಿನವರ ಪುಸ್ತಕ. ನೀ ಯಾಕ ಓದ್ಲಿಕ್ಹತ್ತೀ?" ಎಂದಳು. ಅವಳಿಗೆ ಉತ್ತರ ಕೊಡಲು ನನಗೆ ಸುಮಾರು ವರ್ಷಗಳೇ ಬೇಕಾದವು.

ಲೆ ಗ್ವಿನ್ ಅಮೆರಿಕದ ಲೇಖಕಿ. 1929ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಹುಟ್ಟಿ, 2018ರಲ್ಲಿ ತೀರಿಕೊಂಡವರು. ತುಸು ದೊಡ್ಡ ಮಕ್ಕಳಿಗಾಗಿ ಒಂದು ಪುಸ್ತಕ ಬರೆದುಕೊಡಿ ಎಂದು ಪ್ರಕಾಶಕರೊಬ್ಬರು ಕೇಳಿದ್ದಕ್ಕೆ ಅವರು ಬರೆದುಕೊಟ್ಟದ್ದು ಈ ಕಾದಂಬರಿ, ಅಚ್ಚಾದದ್ದು 1968ರಲ್ಲಿ. ಅರ್ಥ್‌ಸೀ ಎಂಬುದು ನೂರಾರು ದ್ವೀಪಗಳ ಒಂದು ಕಲ್ಪನೆಯ ಲೋಕ. ಮೀನುಗಾರರು, ಕುರಿ ಮೇಯಿಸುವವರು, ಕಂಚುಗಾರರು ಎಲ್ಲರೂ ಅಲ್ಲಿದ್ದಾರೆ. ಊರಿಗೊಬ್ಬ ಮಂತ್ರಗಾರನೂ ಇದ್ದಾನೆ, ದೋಣಿಗೆ ಗಾಳಿ ಕರೆಯಲು, ಮುರಿದ ಪಾತ್ರೆ ಕೂಡಿಸಲು.

ಈ ಮಂತ್ರದ ಗುಟ್ಟೇನು ಗೊತ್ತೇ? ಹೆಸರು. ಪ್ರತಿಯೊಂದು ವಸ್ತುವಿಗೂ, ಕಲ್ಲಿಗೂ, ಗಿಡುಗನಿಗೂ, ಅಲೆಗೂ ಒಂದು ನಿಜವಾದ ಹೆಸರಿದೆ. ಅದು ಲೋಕ ಹುಟ್ಟಿದಾಗಿನ ಹಳೆಯ ನುಡಿಯಲ್ಲಿದೆ. ಡ್ರ್ಯಾಗನ್ನುಗಳು ಈಗಲೂ ಆ ನುಡಿಯಲ್ಲೇ ಮಾತಾಡುತ್ತವೆ. ಯಾವುದರ ನಿಜವಾದ ಹೆಸರು ನಿಮಗೆ ಗೊತ್ತೋ ಅದು ನಿಮ್ಮ ಮಾತು ಕೇಳುತ್ತದೆ. ಆದ್ದರಿಂದ ಮಂತ್ರದ ಶಾಲೆಯಲ್ಲಿ ಹುಡುಗರು ಒಂಟಿ ಗೋಪುರದಲ್ಲಿ ಕುಳಿತು, ನಮ್ಮ ಹಿಂದಿನವರು ಅಮರಕೋಶ ಬಾಯಿಪಾಠ ಮಾಡಿದಂತೆ, ಹೆಸರಿನ ಪಟ್ಟಿಗಳನ್ನು ಉರುಹೊಡೆಯುತ್ತಾರೆ. ಮಂತ್ರದಂಡ ಬೀಸಿದೊಡನೆ ಮಿಂಚು ಹೊಡೆಯುವ ಸುಲಭದ ಮಾಯೆ ಇದಲ್ಲ. ಅದಕ್ಕೂ ಒಂದು ತೂಕವಿದೆ. ಒಂದು ದ್ವೀಪಕ್ಕೆ ಮಳೆ ಕರೆದರೆ ಇನ್ನೊಂದಕ್ಕೆ ಬರ ಬಂದೀತು ಎಂದು ಗುರುಗಳು ಎಚ್ಚರಿಸುತ್ತಲೇ ಇರುತ್ತಾರೆ. ಸಂಸಾರ ಮಾಡಿದವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುವುದು ನಮಗೇನು ಹೊಸದೇ?

ಮನುಷ್ಯರಿಗೂ ಅಲ್ಲಿ ಎರಡು ಹೆಸರು. ಒಂದು ಊರವರು ಕರೆಯುವ ಹೆಸರು. ಇನ್ನೊಂದು ನಿಜವಾದ ಹೆಸರು. ಹದಿಮೂರರ ಹೊತ್ತಿಗೆ ಗುರುವೊಬ್ಬ ಅದನ್ನು ಮೆಲ್ಲಗೆ ಹೇಳಿಕೊಡುತ್ತಾನೆ. ಅದನ್ನು ಯಾರಿಗೂ ಹೇಳಬಾರದು. ಹೇಳಿದರೆ ಪ್ರಾಣವನ್ನೇ ಅವರ ಕೈಗಿಟ್ಟಂತೆ. ಇದನ್ನು ಓದುವಾಗ ನನಗೆ ಪರದೇಶದ ಕಥೆ ಓದುತ್ತಿದ್ದೇನೆ ಎನ್ನಿಸಲೇ ಇಲ್ಲ. ತೊಟ್ಟಿಲಿಗೆ ಹಾಕುವ ದಿನ ನಾವೂ ಮಗುವಿನ ಕಿವಿಯಲ್ಲಿ ಹೆಸರು ಉಸುರುತ್ತೇವೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಸಾವಿನ ಕಣ್ಣು ತಪ್ಪಿಸಲು ತಿಪ್ಪಮ್ಮ, ಗುಂಡ ಎಂದು ಕರೆಯುತ್ತಿದ್ದರು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವಂತಿರಲಿಲ್ಲ. ನಮ್ಮ ಉತ್ತರ ಕರ್ನಾಟಕದಲ್ಲಿ ಹೊಸಿಲು ದಾಟುವ ಮದುಮಗಳನ್ನು ತಡೆದು ಒಡಪು ಹೇಳಿಸುವ ಪದ್ಧತಿ ಈಗಲೂ ಇದೆ. ಪ್ರಾಸದ ಎರಡು ಸಾಲಿನ ಮರೆಯಲ್ಲಿ ಗಂಡನ ಹೆಸರು ಹೊರಬರಬೇಕು. ಹೆಸರಿನಲ್ಲಿ ಶಕ್ತಿಯಿದೆ ಎಂದು ನಂಬದವರು ಇಷ್ಟೆಲ್ಲ ಏಕೆ ಮಾಡುತ್ತಿದ್ದರು?

ಲೆ ಗ್ವಿನ್ ಅವರ ಮನೆಯಲ್ಲೂ ಇಂಥದೊಂದು ಕಥೆಯಿತ್ತು. ತಂದೆ ಆಲ್ಫ್ರೆಡ್ ಕ್ರೋಬರ್ ಹೆಸರಾಂತ ಮಾನವಶಾಸ್ತ್ರಜ್ಞರು. 1911ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಎಂಬ ಊರಿನ ಬಳಿ ಒಬ್ಬ ಮೂಲನಿವಾಸಿ ಒಂಟಿಯಾಗಿ ಕಾಣಿಸಿಕೊಂಡ. ತನ್ನ ಯಾಹಿ ಜನರಲ್ಲಿ ಉಳಿದವನು ಅವನೊಬ್ಬನೇ. ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವುದು ಅವನ ಜನರ ರೂಢಿಯಲ್ಲಿರಲಿಲ್ಲ; ಹೇಳಬೇಕಾದ ತನ್ನವರು ಯಾರೂ ಉಳಿದಿರಲಿಲ್ಲ. ಕ್ರೋಬರ್ ಅವನನ್ನು 'ಇಶಿ' ಎಂದು ಕರೆದರು. ಅವನ ನುಡಿಯಲ್ಲಿ ಹಾಗೆಂದರೆ 'ಮನುಷ್ಯ' ಎಂದಷ್ಟೆ. 1916ರಲ್ಲಿ ಅವನು ತೀರಿಕೊಂಡ, ನಿಜವಾದ ಹೆಸರನ್ನು ಯಾರಿಗೂ ಹೇಳದೆ. ಅವನ ಬದುಕನ್ನು 1961ರಲ್ಲಿ ಪುಸ್ತಕವಾಗಿ ಬರೆದವರು ಲೆ ಗ್ವಿನ್ ಅವರ ತಾಯಿ ಥಿಯೊಡೊರಾ. ಮಗಳು ಇಶಿಯನ್ನು ನೋಡಿದವರಲ್ಲ, ಹುಟ್ಟಿದ್ದೇ ಅವನು ಹೋದ ಮೇಲೆ. ಆದರೂ ಅರ್ಥ್‌ಸೀಯ ಹೆಸರುಗಳನ್ನು ಓದುವಾಗ ನನಗೆ ಅವನ ನೆನಪಾಗದೆ ಇರುವುದಿಲ್ಲ.

ಇನ್ನು ಕಥೆಯ ನಾಯಕ. ಗಾಂಟ್ ಎಂಬ ಬೆಟ್ಟದ ದ್ವೀಪದ ಕಂಚುಗಾರನ ಮಗ. ಒಂದು ವರ್ಷ ತುಂಬುವ ಮೊದಲೇ ತಾಯಿ ಇಲ್ಲ. ಮನೆಯಲ್ಲಿ ಕರೆಯುವ ಹೆಸರು ಡ್ಯೂನಿ. ಗಿಡುಗಗಳು ಅವನ ಕರೆಗೆ ಇಳಿದು ಬರುತ್ತಿದ್ದುದರಿಂದ ಊರವರಿಗೆ ಸ್ಪ್ಯಾರೋಹಾಕ್. ಓಗಿಯನ್ ಎಂಬ ಮಿತಭಾಷಿ ಗುರು ಕೊಟ್ಟ ನಿಜವಾದ ಹೆಸರು ಗೆಡ್. ಈ ಹುಡುಗನಿಗೆ ಅಪಾರ ಪ್ರತಿಭೆ. ಅದಕ್ಕಿಂತ ಹೆಚ್ಚು ಅಹಂಕಾರ. ರೋಕ್ ದ್ವೀಪದ ಮಂತ್ರದ ಶಾಲೆಯಲ್ಲಿ ಸಹಪಾಠಿಯೊಬ್ಬ ಕೆಣಕಿದನೆಂದು ಸತ್ತವರನ್ನು ಕರೆಯುವ ಮಂತ್ರ ಹೇಳುತ್ತಾನೆ. ಲೋಕದ ಬಟ್ಟೆ ಹರಿದು, ಸೀಳಿನಿಂದ ಒಂದು ಕಪ್ಪು ನೆರಳು ಹೊರಬರುತ್ತದೆ. ಅವನ ಮುಖವನ್ನು ಪರಚಿ ಗಾಯ ಮಾಡುತ್ತದೆ. ಸೀಳನ್ನು ಮುಚ್ಚಲು ಹೋಗಿ ಶಾಲೆಯ ಹಿರಿಯ ಗುರು ಪ್ರಾಣ ಬಿಡುತ್ತಾರೆ. ಆಮೇಲೆ ಕಡಲುಗಳನ್ನು ದಾಟಿ ಓಡುವ ಓಟ. ಕೊನೆಗೆ ಓಡುವುದನ್ನು ಬಿಟ್ಟು, ತಿರುಗಿ ನಿಂತು, ಆ ನೆರಳನ್ನು ಹೆಸರು ಹಿಡಿದು ಕರೆಯುತ್ತಾನೆ. ಆ ಹೆಸರು ಬೇರೆ ಯಾವುದೂ ಅಲ್ಲ, ಅವನದೇ.

ಮಗಳಿಗೆ ಹಿಡಿಸಿದ್ದು ಈ ನೆರಳು. ಹದಿನೇಳರ ವಯಸ್ಸಿಗೆ ತನ್ನ ಸಿಟ್ಟನ್ನು ತಾನೇ ನೋಡಿ ಹೆದರುವುದು ಸಹಜವೇ. ನನಗೆ ಹಿಡಿಸಿದ್ದು ಗೆಳೆಯ ವೆಚ್. ಗಾಯಗೊಂಡು, ಎಲ್ಲರಿಂದಲೂ ದೂರವಾಗಿ ಕುಳಿತ ಗೆಡ್‌ನ ಬಳಿ ಬಂದು ಅವನು ಸಮಾಧಾನದ ಮಾತೇನೂ ಆಡುವುದಿಲ್ಲ. ತನ್ನ ನಿಜವಾದ ಹೆಸರನ್ನು ಹೇಳುತ್ತಾನೆ, ಅಷ್ಟೆ. ನಿನ್ನನ್ನು ನಂಬುತ್ತೇನೆ ಎನ್ನಲು ಇದಕ್ಕಿಂತ ದೊಡ್ಡ ಮಾತು ಯಾವುದಿದೆ?

ಆದರೆ ಸೌಟು ಹಿಡಿದ ಕೈಗೆ ಪುಸ್ತಕ ಬಂದರೆ ಕಣ್ಣು ಬೇರೆ ಕಡೆಗೂ ಹೋಗುತ್ತದೆ. ಗೆಡ್‌ಗೆ ಮೊಟ್ಟಮೊದಲ ಮಂತ್ರ ಕಲಿಸಿದವಳು ಅವನ ತಾಯಿಯ ಅಕ್ಕತಂಗಿಯರಲ್ಲೊಬ್ಬಳು, ಊರ ಮಾಟಗಾತಿ. ಗಿಡುಗನನ್ನು ಕರೆಯುವ ಹೆಸರು ಕೊಟ್ಟವಳೂ ಅವಳೇ. ದೊಡ್ಡ ಗುರು ಬಂದೊಡನೆ ಅವಳು ಕಥೆಯಿಂದ ಜಾರಿಹೋಗುತ್ತಾಳೆ. ರೋಕ್ ಶಾಲೆಯಲ್ಲಿ ಹುಡುಗಿಯರಿಗೆ ಪ್ರವೇಶವಿಲ್ಲ. ಹೆಂಗಸರ ಮಂತ್ರ ದುರ್ಬಲ, ಹೆಂಗಸರ ಮಂತ್ರ ಕೆಟ್ಟದ್ದು ಎಂದು ಗಾಂಟ್‌ನಲ್ಲಿ ಗಾದೆಯೇ ಇದೆಯಂತೆ!

ಕಥೆಯ ಕೊನೆಯ ಭಾಗದಲ್ಲಿ ವೆಚ್‌ನ ತಂಗಿ ಬರುತ್ತಾಳೆ. ಒಲೆಯ ಮುಂದೆ ಕುಳಿತು ರೊಟ್ಟಿ ಸುಡುವ ಹುಡುಗಿ. ಅವಳ ಹೆಸರು ಒಂದು ಗಿಡದ ಹೆಸರು. ಕನ್ನಡದಲ್ಲಿ ಬರೆದರೆ 'ಯಾರೋ' ಎಂದಾಗುತ್ತದೆ. ನನಗೆ ನಗು ಬಂತು, ಒಳಗೇ ಸ್ವಲ್ಪ ಚುಚ್ಚಿತು ಕೂಡ. ಆದರೆ ಆ ಯಾರೋ ಕೇಳುವ ಪ್ರಶ್ನೆ ಶಾಲೆಯ ಯಾವ ಹುಡುಗನಿಗೂ ಹೊಳೆದಿರಲಿಲ್ಲ. ಕಡಲಿನ ಮೇಲೆ ಹಸಿವಾದಾಗ ಮಂತ್ರ ಹೇಳಿ ಊಟ ತರಿಸಿಕೊಂಡರಾಗದೇ ಎನ್ನುತ್ತಾಳೆ. ತರಿಸಬಹುದು, ವಾಸನೆ ಬರುತ್ತದೆ, ರುಚಿಯೂ ಇರುತ್ತದೆ, ಆದರೆ ಅದು ಬರೀ ಮಾತು, ಮೈಗೆ ಕಸುವು ಕೊಡುವುದಿಲ್ಲ ಎಂದು ಉತ್ತರ ಬರುತ್ತದೆ. ಅಂದರೆ ಎಷ್ಟೇ ದೊಡ್ಡ ಮಂತ್ರಗಾರನಾದರೂ ಯಾರೋ ರೊಟ್ಟಿ ಸುಡಲೇಬೇಕು.

ಎರಡನೆಯ ಪುಸ್ತಕ 'ದಿ ಟೂಂಬ್ಸ್ ಆಫ್ ಅಟುವಾನ್' ಬಂದದ್ದು 1971ರಲ್ಲಿ. ಇದರ ನಾಯಕಿ ಟೆನಾರ್. ಸೇಬಿನ ತೋಟದ ಬಡ ಮನೆಯ ಮಗು. ಹಿಂದಿನ ಪೂಜಾರಿಣಿ ಸತ್ತ ರಾತ್ರಿಯೇ ಹುಟ್ಟಿದವಳೆಂದು ಐದನೆಯ ವಯಸ್ಸಿಗೆ ಅವಳನ್ನು ಕರೆದೊಯ್ದು, ಮರುಭೂಮಿಯ ನಡುವಿನ ಸಮಾಧಿಗಳ ಸೇವೆಗೆ ಒಪ್ಪಿಸುತ್ತಾರೆ. ಆರನೆಯ ವಯಸ್ಸಿಗೆ ಒಂದು ವಿಧಿ ನಡೆಯುತ್ತದೆ. ಅಂದಿನಿಂದ ಅವಳಿಗೆ ಹೆಸರಿಲ್ಲ. ಅವಳು 'ಅರ್ಹಾ'. ನಮ್ಮ ಮಾತಿನಲ್ಲಿ ಅರ್ಹಳೆಂದರೆ ಯೋಗ್ಯತೆಯುಳ್ಳವಳು. ಅವರ ಮಾತಿನಲ್ಲಿ ಅರ್ಹಾ ಎಂದರೆ 'ತಿಂದುಹೋದವಳು'. ಹೆಸರನ್ನು ಕತ್ತಲೆಯ ದೇವತೆಗಳು ತಿಂದಿವೆ. ಎಲ್ಲರೂ ಅವಳಿಗೆ ಬಾಗುತ್ತಾರೆ, ಅವಳ ಮಾತಿಗೆ ಎದುರಿಲ್ಲ, ಆದರೆ ಅವಳು ಯಾರೂ ಅಲ್ಲ. ಮುರಿದ ಉಂಗುರದ ಅರ್ಧ ತುಣುಕನ್ನು ಹುಡುಕಿಕೊಂಡು ಆ ನೆಲದಡಿಯ ಕತ್ತಲೆಗೆ ಬಂದ ಗೆಡ್, ಅವಳಿಗೆ ಅವಳ ಹೆಸರನ್ನು ತಿರುಗಿ ಕೊಡುತ್ತಾನೆ. ಇಡೀ ಪುಸ್ತಕದಲ್ಲಿ ಅವನು ಮಾಡುವ ದೊಡ್ಡ ಮಂತ್ರ ಅದೇ ಎಂದು ನಾನು ತಿಳಿದಿದ್ದೇನೆ.

ಇದನ್ನು ಓದುವಾಗ ಪಕ್ಕದ ಕೋಣೆಯಲ್ಲಿ ಅತ್ತೆಯವರು ಮಲಗಿದ್ದರು. ಹದಿನಾಲ್ಕನೆಯ ವಯಸ್ಸಿಗೆ ಈ ಮನೆ ಸೇರಿದವರು. ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಮಾವನವರು ಉಂಗುರದಿಂದ ಅವರ ಹೊಸ ಹೆಸರು ಬರೆದರಂತೆ. ಅಂದಿನಿಂದ ರೇಷನ್ ಕಾರ್ಡಿಗೂ, ಮತದಾರರ ಪಟ್ಟಿಗೂ, ಅರಿಸಿನ ಕುಂಕುಮದ ಕರೆಗೂ ಅದೇ ಹೆಸರು. ಹಳೆಯ ಹೆಸರು ಒಬ್ಬರ ಬಾಯಲ್ಲಿ ಮಾತ್ರ ಉಳಿದಿತ್ತು. ಗದುಗಿನಿಂದ ಪ್ರತಿ ವರ್ಷ ನಾಗರ ಪಂಚಮಿಗೆ ತಂಗಿಯನ್ನು ಕರೆಯಲು ಬರುತ್ತಿದ್ದ ಅಣ್ಣ, ಅಂಗಳದಿಂದಲೇ ಆ ಹೆಸರು ಕೂಗುತ್ತಿದ್ದರು. ಎಪ್ಪತ್ತು ದಾಟಿದ ಅತ್ತೆ ಕೈಯಲ್ಲಿದ್ದುದನ್ನು ಬಿಟ್ಟು ಹುಡುಗಿಯಂತೆ ಬಾಗಿಲಿಗೆ ಓಡುತ್ತಿದ್ದರು. ಅಣ್ಣ ಹೋದ ಮೇಲೆ ಆ ಹೆಸರು ಕೂಗುವವರಿಲ್ಲವಾದರು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅರ್ಥ್‌ಸೀಯ ನಿಯಮದಂತೆ ಅದು ನಮ್ಮವರಲ್ಲೇ ಇರಲಿ.

ಮೂರನೆಯ ಪುಸ್ತಕ 'ದಿ ಫಾರ್ದೆಸ್ಟ್ ಶೋರ್' 1972ರಲ್ಲಿ ಬಂದು ಮರುವರ್ಷ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಪಡೆಯಿತು. ಕಥೆ ಅಲ್ಲಿಗೆ ಮುಗಿಯಿತೆಂದು ಎಲ್ಲರೂ ತಿಳಿದಿದ್ದರು. ಹದಿನೆಂಟು ವರ್ಷ ಕಳೆದು, 1990ರಲ್ಲಿ, ಅರವತ್ತರ ಲೆ ಗ್ವಿನ್ ನಾಲ್ಕನೆಯದನ್ನು ಬರೆದರು. ಅದು 'ಟೆಹಾನು'. ಗಂಡಸು ನಡುವೆ ನಿಂತ ವೀರಕಥೆಯ ಪರಂಪರೆಯಲ್ಲೇ ತಾವು ಮೊದಲು ಬರೆದದ್ದನ್ನು ಅವರು 1993ರಲ್ಲಿ ಪ್ರಕಟವಾದ ಉಪನ್ಯಾಸವೊಂದರಲ್ಲಿ ಬಿಡಿಸಿ ಹೇಳಿದ್ದಾರೆ. ತಾವೇ ಕಟ್ಟಿದ ಮನೆಗೆ ತಿರುಗಿ ಹೋಗಿ, ಈ ಸಲ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದರು ಎನ್ನಬಹುದು.

ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ ಮಗಳೇ ಅದನ್ನು ತಂದುಕೊಟ್ಟಳು. "ನನಗ ಅಷ್ಟು ಸೇರಲಿಲ್ಲಮ್ಮಾ. ಇದರಾಗ ಜಾದೂನೇ ಇಲ್ಲ. ನಿನಗ ಸೇರಬಹುದು" ಎಂದಳು. ನಿಜ, ಅದರಲ್ಲಿ ಜಾದೂ ಕಡಿಮೆ. ಟೆನಾರ್ ಈಗ ನಡುವಯಸ್ಸಿನ ವಿಧವೆ, ಒಬ್ಬ ರೈತನ ಹೆಂಡತಿಯಾಗಿ ಬಾಳಿ, ಇಬ್ಬರು ಮಕ್ಕಳನ್ನು ಬೆಳೆಸಿದವಳು. ಊರವರು ಅವಳನ್ನು ಗೋಹಾ ಎನ್ನುತ್ತಾರೆ. ಬಲೆ ನೇಯುವ ಒಂದು ಪುಟ್ಟ ಬಿಳಿ ಜೇಡದ ಹೆಸರದು. ತನ್ನವರೇ ಬೆಂಕಿಗೆ ನೂಕಿದ ಒಂದು ಹೆಣ್ಣುಮಗುವನ್ನು ಅವಳು ಮನೆಗೆ ತಂದು ಸಾಕುತ್ತಾಳೆ. ಸುಟ್ಟು ಮುರುಟಿದ ಕೈ, ಅರ್ಧ ಮುಖವಿಲ್ಲದ ಮಗು. ಗೆಡ್ ಬರುತ್ತಾನೆ; ಅವನ ಶಕ್ತಿಯೆಲ್ಲ ಮುಗಿದಿದೆ, ಈಗ ಆಡು ಮೇಯಿಸುತ್ತಾನೆ. ಪಾತ್ರೆ ತೊಳೆಯುವುದು, ನೂಲುವುದು, ರಾತ್ರಿ ಬಾಗಿಲು ಭದ್ರವಾಗಿದೆಯೇ ಎಂದು ಮತ್ತೆ ಮತ್ತೆ ನೋಡುವುದು, ಇವೇ ಇಲ್ಲಿನ ಘಟನೆಗಳು.

ಅದರಲ್ಲೊಂದು ಪ್ರಸಂಗಕ್ಕೆ ಬಂದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಗುರು ಓಗಿಯನ್ ಸಾಯುವಾಗ ಟೆನಾರ್‌ಗೆ ತನ್ನ ನಿಜವಾದ ಹೆಸರು ಹೇಳಿ ಪ್ರಾಣ ಬಿಡುತ್ತಾನೆ. ಐಹಾಲ್ ಎಂಬ ಹೆಸರು. ಆಮೇಲೆ ಇಬ್ಬರು ದೊಡ್ಡ ಮಂತ್ರಗಾರರು ಬರುತ್ತಾರೆ. ಎಲ್ಲಿ ಮಣ್ಣು ಮಾಡಬೇಕೆಂದು ಅವರಿಬ್ಬರಲ್ಲೇ ಚರ್ಚೆ. ಅವಳು ಹೆಸರು ಹೇಳುತ್ತಾಳೆ, ಅವನ ಕೊನೆಯ ಇಚ್ಛೆಯನ್ನೂ ಹೇಳುತ್ತಾಳೆ. ಅವರಿಗೆ ಕೇಳಿಸುವುದೇ ಇಲ್ಲ. ಒಬ್ಬನ ಕಣ್ಣಿಗೆ ಅವಳು ಬರೀ ಒಬ್ಬ ಹಳ್ಳಿಯ ಹೆಂಗಸು, ಮುಖ ತಿರುಗಿಸುತ್ತಾನೆ. ಯಾವ ಹೆಸರಿಗಾಗಿ ಆ ಲೋಕದ ಮಂತ್ರವೆಲ್ಲ ನಿಂತಿದೆಯೋ ಆ ಹೆಸರನ್ನೇ ಹೇಳಿದರೂ, ಹೇಳಿದ ಬಾಯಿ ಹೆಂಗಸಿನದಾದರೆ ಅದು ನೆಲಕ್ಕೆ ಬೀಳುತ್ತದೆ.

ನನಗೆ ನೆನಪಾದದ್ದು ಅತ್ತೆಯವರ ಕೊನೆಯ ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಗಿ ಮರುದಿನವಾದರೂ ಸರಿಯಾಗಿ ಎಚ್ಚರವಿಲ್ಲ. ಆಸ್ಪತ್ರೆಯವರು ಫೈಲು ನೋಡಿ ಅದರಲ್ಲಿದ್ದ ಹೆಸರು ಕೂಗಿದರು, ಕೆನ್ನೆ ತಟ್ಟಿದರು. ಉತ್ತರವಿಲ್ಲ. "ಆ ಹೆಸರಿಗೆ ಏಳಲಿಕ್ಕಿಲ್ಲರೀ, ಅವರಿಗೆ ಇನ್ನೊಂದು ಹೆಸರದ" ಎಂದೆ. ತರುಣ ಡಾಕ್ಟರು ಫೈಲಿನಿಂದ ತಲೆ ಎತ್ತಲಿಲ್ಲ. ಇನ್ನೊಮ್ಮೆ ಹೇಳಿದೆ. ಅವರು ನನ್ನ ಯಜಮಾನರ ಕಡೆ ತಿರುಗಿ, "ಇವರಿಗೆ ಮೊದಲಿನಿಂದಲೂ ಕಿವಿ ಮಂದವೇ?" ಎಂದು ಕೇಳಿದರು. ಅವರೆಲ್ಲ ಮುಂದಿನ ಮಂಚಕ್ಕೆ ಹೋದ ಮೇಲೆ ನಾನು ಬಾಗಿ ಅತ್ತೆಯ ಕಿವಿಯಲ್ಲಿ ಆ ಹೆಸರು ಹೇಳಿದೆ. ಸೊಸೆ ಅತ್ತೆಯನ್ನು ಹೆಸರು ಹಿಡಿದು ಕರೆಯುವುದೆಂದರೆ ನಮ್ಮ ಕಡೆ ಸಣ್ಣ ಮಾತೇನೂ ಅಲ್ಲ. ನಾಲಿಗೆ ತೊದಲಿತು. ಮೂರನೆಯ ಸಲಕ್ಕೆ ಅವರು ಕಣ್ಣು ಬಿಟ್ಟರು. "ಅಣ್ಣ ಬಂದನೇನ?" ಎಂದರು.

ನೋಡಿ, ಹೆಸರಿನ ಶಕ್ತಿ ಅದನ್ನು ತಿಳಿದವರಲ್ಲಿ ಅರ್ಧ ಮಾತ್ರ ಇರುತ್ತದೆ, ಇನ್ನರ್ಧ ಕೇಳಿಸಿಕೊಳ್ಳುವವರಲ್ಲಿ. ಲೇಖಕಿಗೂ ಇದರ ಅನುಭವ ಆಗಿತ್ತು. ಗೆಡ್‌ನದು ತಾಮ್ರದಂಥ ಕಂದು ಮೈಬಣ್ಣ, ವೆಚ್‌ನದು ಕಪ್ಪು ಎಂದು ಅವರು ಮೊದಲ ಪುಸ್ತಕದಲ್ಲೇ ಬರೆದಿದ್ದರು. ಆದರೂ ಎಷ್ಟೋ ಮುಖಪುಟಗಳಲ್ಲಿ ಗೆಡ್ ಬೆಳ್ಳಗಾದ. 2004ರ ಟಿವಿ ಧಾರಾವಾಹಿಯಲ್ಲೂ ಬಿಳಿಯ ನಟನೇ ಬಂದ. ಅವರು ಅದನ್ನು ಖಂಡಿಸಿ ಲೇಖನ ಬರೆಯಬೇಕಾಯಿತು. ಎಷ್ಟು ಸ್ಪಷ್ಟವಾಗಿ ಬರೆದರೇನು, ಓದುವವರ ಕಿವಿ ಮುಚ್ಚಿದ್ದರೆ? ವಧುವಿನ ಫೋಟೋ ತಿದ್ದಿಸಿ ಬೆಳ್ಳಗೆ ಮಾಡಿಸುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

'ಟೆಹಾನು'ವಿನಲ್ಲಿ ಆ ಸುಟ್ಟ ಮಗುವಿಗೆ ಹೆಸರು ಬರುವುದು ಕೊನೆಯ ಪುಟಗಳಲ್ಲಿ. ಯಾವ ಮಂತ್ರಗಾರನೂ ಅದನ್ನು ಕೊಡುವುದಿಲ್ಲ. ಎಲ್ಲಕ್ಕಿಂತ ಹಿರಿಯ ಡ್ರ್ಯಾಗನ್ ಬಂದು ಅವಳನ್ನು ಟೆಹಾನು ಎಂದು ಕರೆಯುತ್ತದೆ, ತನ್ನ ಮಗಳನ್ನು ಕರೆದಂತೆ. ಊರು ಕಣ್ಣೆತ್ತಿ ನೋಡಲು ಹೇಸಿದ ಮಗುವಿನೊಳಗೆ ಏನಿತ್ತು ಎಂಬುದು ಆಗ ಗೊತ್ತಾಗುತ್ತದೆ. ಅಲ್ಲಿಯವರೆಗೆ ಅವಳಿಗೆ ಉಣಿಸಿ, ಮೈ ತೊಳೆದು, ಪಕ್ಕದಲ್ಲಿ ಮಲಗಿಸಿಕೊಂಡವಳು ಟೆನಾರ್. ಅದಕ್ಕೆ ಆ ಲೋಕದಲ್ಲಿ ಮಂತ್ರವೆಂಬ ಹೆಸರಿಲ್ಲ. ಲೆ ಗ್ವಿನ್ ಮಾತ್ರ ಅದರ ಮೇಲೆಯೇ ಒಂದು ಇಡೀ ಪುಸ್ತಕ ನಿಲ್ಲಿಸಿದರು. ಹರೆಯದವರು ಮೊದಲ ಪುಸ್ತಕದಿಂದ ಶುರು ಮಾಡಲಿ, ಅದೇ ಸರಿ. ಅವರ ತಾಯಂದಿರು ಮಾತ್ರ ನಾಲ್ಕನೆಯದರವರೆಗೆ ಬಿಡದೆ ಓದಬೇಕು.

ಕಳೆದ ವರ್ಷ ಮಗಳ ಮದುವೆಯಾಯಿತು. ಅಕ್ಕಿಯ ತಟ್ಟೆ ಬಂತು. ಹೊಸ ಹೆಸರು ಏನಿಡಬೇಕೆಂದು ಹಿರಿಯರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಳಿಯ ಉಂಗುರ ಹಿಡಿದು ಅವಳಿಗಿದ್ದ ಹೆಸರನ್ನೇ ಬರೆದ. ಹೊಸಿಲಲ್ಲಿ ಹೆಣ್ಣುಮಕ್ಕಳು ಅಡ್ಡ ನಿಂತಾಗ ಮಗಳು ಚೆಂದದ ಒಡಪು ಹೇಳಿ ಗಂಡನ ಹೆಸರು ಹೇಳಿದಳು. ಅಷ್ಟಕ್ಕೇ ಬಿಡದೆ, ಅವನೂ ಹೆಂಡತಿಯ ಹೆಸರಿಟ್ಟು ಒಂದು ಹೇಳಲಿ ಎಂದು ಎಲ್ಲರೂ ಹಟ ಹಿಡಿದರು. ಪಾಪ, ಹುಡುಗ ಬೆವರಿದ. ಪ್ರಾಸ ಕೂಡಲಿಲ್ಲ, ಎರಡನೆಯ ಸಾಲು ಅರ್ಧಕ್ಕೇ ನಿಂತಿತು. ಆದರೆ ಹೆಸರು ಮಾತ್ರ ಅಂಗಳದ ತುದಿಯಲ್ಲಿ ನಿಂತವರಿಗೂ ಕೇಳಿಸಿತು.